ಮುಖ ತನ್ನದು, ಅನುಮತಿ ಮಾತ್ರ ಕೋಚ್‌ದು: ಜಾಕ್ ಪ್ಲಾಂಟ್ ಎಂಬ ಗೋಲ್‌ಕೀಪರ್‌ನ ಕಥೆ

1959ರ ನವೆಂಬರ್ 1, ಭಾನುವಾರ. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಐಸ್ ಹಾಕಿ ಪಂದ್ಯ ಶುರುವಾಗಿ ಮೂರೇ ನಿಮಿಷ ಆಗಿತ್ತು. ನ್ಯೂಯಾರ್ಕ್ ರೇಂಜರ್ಸ್ ತಂಡದ ಆಂಡಿ ಬಾತ್‌ಗೇಟ್ ಬ್ಯಾಕ್‌ಹ್ಯಾಂಡ್‌ನಲ್ಲಿ ಎತ್ತಿ ಹೊಡೆದ ಪಕ್ ಸೀದಾ ಹೋಗಿ ಮಾಂಟ್ರಿಯಲ್ ಕೆನೆಡಿಯನ್ಸ್ ತಂಡದ ಗೋಲ್‌ಕೀಪರ್ ಜಾಕ್ ಪ್ಲಾಂಟ್‌ನ ಮುಖಕ್ಕೆ ಬಡಿಯಿತು. ಆತ ಮಂಜಿನ ಮೇಲೆ ಕುಸಿದ, ಮಂಜು ಕೆಂಪಾಯಿತು. ಅದು ಆಕಸ್ಮಿಕ ಆಗಿರಲಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಪ್ಲಾಂಟ್ ತನ್ನನ್ನು ಬೀಳಿಸಿದ್ದಕ್ಕೆ ಸೇಡು ತೀರಿಸಿಕೊಳ್ಳಲು ಬೇಕಂತಲೇ ಮುಖಕ್ಕೆ ಗುರಿಯಿಟ್ಟಿದ್ದೆ ಅಂತ ಬಾತ್‌ಗೇಟ್ ಎಷ್ಟೋ ವರ್ಷಗಳ ನಂತರ ಒಪ್ಪಿಕೊಂಡ.

ಪಕ್ ಅಂದ್ರೆ ಏನು ಅನ್ನೋದು ಹಾಕಿ ಅಂದರೆ ಹುಲ್ಲಿನ ಮೇಲಿನ ಆಟ ಅಂದುಕೊಂಡಿರುವ ನಮಗೆ ಗೊತ್ತಿರಲ್ಲ. ಅದು ಗಟ್ಟಿ ರಬ್ಬರಿನ ಬಿಲ್ಲೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ, ತೂಕ ಸುಮಾರು 170 ಗ್ರಾಂ. ಕ್ರಿಕೆಟ್ ಚೆಂಡಿಗಿಂತ ತುಸು ಹೆಚ್ಚೇ ಭಾರ. ಪುಟಿಯಬಾರದು ಅಂತ ಪಂದ್ಯಕ್ಕೆ ಮುಂಚೆ ಅದನ್ನು ಫ್ರೀಜರ್‌ನಲ್ಲಿಟ್ಟು ಕಲ್ಲಿನಂತೆ ಮಾಡುತ್ತಾರೆ. ಇದು ಎದುರಿಗಿರುವ ಆಟಗಾರರ ಕಾಲುಗಳ ಸಂದಿಯಿಂದ, ಎಲ್ಲಿಂದ ಬಂತು ಅನ್ನೋದೇ ಕಾಣದ ಹಾಗೆ ನುಗ್ಗಿ ಬರುತ್ತದೆ. ಅದನ್ನು ನೋಡಲು ಗೋಲ್‌ಕೀಪರ್ ಬಗ್ಗಲೇಬೇಕು. ಬಗ್ಗಿದರೆ ಮುಖ ಅದರ ದಾರಿಯಲ್ಲೇ ಇರುತ್ತದೆ. 1959ರಲ್ಲಿ ಎನ್‌ಎಚ್‌ಎಲ್‌ನಲ್ಲಿದ್ದ ಆರೂ ತಂಡಗಳ ಆರೂ ಗೋಲ್‌ಕೀಪರ್‌ಗಳು ಈ ಕೆಲಸವನ್ನು ಬರಿ ಮುಖದಲ್ಲಿ ಮಾಡುತ್ತಿದ್ದರು. ಕಾಲಿಗೆ ದಪ್ಪ ಪ್ಯಾಡು, ಎದೆಗೆ ರಕ್ಷಾಕವಚ, ಕೈಗೆ ಗ್ಲೌಸು ಎಲ್ಲ ಇತ್ತು. ಮುಖಕ್ಕೆ ಮಾತ್ರ ಏನೂ ಇರಲಿಲ್ಲ.

ಆಗ ಒಂದು ತಂಡಕ್ಕೆ ಒಬ್ಬನೇ ಗೋಲ್‌ಕೀಪರ್. ಅವನಿಗೆ ಪೆಟ್ಟಾದರೆ ಪಂದ್ಯ ನಿಲ್ಲಿಸಿ, ಒಳಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿ ಮತ್ತೆ ತಂದು ನಿಲ್ಲಿಸುತ್ತಿದ್ದರು. ಆಡೋಕೆ ಆಗಲ್ಲ ಅಂದರೆ ಆತಿಥೇಯ ಅಂಗಳದವರು ಇಂಥ ಹೊತ್ತಿಗೆಂದೇ ಇಟ್ಟುಕೊಂಡಿರುತ್ತಿದ್ದ ಹವ್ಯಾಸಿ ಗೋಲ್‌ಕೀಪರ್‌ನನ್ನು ಎರವಲು ಪಡೆಯಬೇಕಿತ್ತು. ಆ ರಾತ್ರಿ ಹೊಲಿಗೆ ಹಾಕಿಸಿಕೊಂಡು ಎದ್ದ ಪ್ಲಾಂಟ್ ಕೋಚ್ ಟೋ ಬ್ಲೇಕ್‌ಗೆ ಒಂದೇ ಷರತ್ತು ಹಾಕಿದ. ಅಭ್ಯಾಸದಲ್ಲಿ ಹಾಕಿಕೊಳ್ಳುವ ಮುಖವಾಡ ಹಾಕಿಕೊಳ್ಳಲು ಬಿಟ್ಟರೆ ಆಡುತ್ತೇನೆ, ಇಲ್ಲದಿದ್ದರೆ ಇಲ್ಲ. ಬ್ಲೇಕ್ ಎರಡು ವರ್ಷದಿಂದ ಆ ಮುಖವಾಡವನ್ನು ಪಂದ್ಯಕ್ಕೆ ಬಿಟ್ಟಿರಲಿಲ್ಲ. ಒಂದು ಕಡೆ ಜಗತ್ತಿನ ಶ್ರೇಷ್ಠ ಗೋಲ್‌ಕೀಪರ್, ಇನ್ನೊಂದು ಕಡೆ ಎದುರಾಳಿ ಊರಿನ ಯಾರೋ ಹವ್ಯಾಸಿ. ಬ್ಲೇಕ್ ಹೂಂ ಅಂದ. ಗಾಯ ಮಾಯುವವರೆಗೆ ಮಾತ್ರ ಅನ್ನೋದು ಅವನ ಲೆಕ್ಕ.

ಮುಖದ ಬಣ್ಣದ್ದೇ ಆದ, ಕಣ್ಣಿಗೆ ಬಾಯಿಗೆ ತೂತು ಬಿಟ್ಟ ಒಂದು ಚಿಪ್ಪು ಕಟ್ಟಿಕೊಂಡು ಪ್ಲಾಂಟ್ ವಾಪಸ್ ಬಂದ. ಮಾಂಟ್ರಿಯಲ್ 3-1ರಲ್ಲಿ ಗೆದ್ದಿತು.

ಈ ಕಥೆಯನ್ನು ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಸಿಬಿಡುತ್ತಾರೆ. ಒಬ್ಬ ಧೈರ್ಯವಂತ, ಒಂದು ಆವಿಷ್ಕಾರ, ಬದಲಾದ ಆಟ ಅಂತ. ನನಗೆ ಕುತೂಹಲ ಬೇರೆ ಕಡೆ ಇದೆ. ಮುಖವಾಡ ಅನ್ನೋದು ಆ ರಾತ್ರಿ ಹುಟ್ಟಿದ್ದಲ್ಲ. 1927ರಲ್ಲೇ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಮಹಿಳಾ ತಂಡದ ಗೋಲ್‌ಕೀಪರ್ ಎಲಿಜಬೆತ್ ಗ್ರಹಾಂ ಕತ್ತಿವರಸೆಯವರ ಜಾಲರಿ ಮುಖವಾಡ ಹಾಕಿಕೊಂಡು ಆಡಿದ್ದಳು. 1930ರಲ್ಲಿ ಎನ್‌ಎಚ್‌ಎಲ್‌ನಲ್ಲೇ ಕ್ಲಿಂಟ್ ಬೆನೆಡಿಕ್ಟ್ ಮೂಗು ಮುರಿದುಕೊಂಡ ಮೇಲೆ ಕೆಲವು ಪಂದ್ಯ ಚರ್ಮದ ಮುಖವಾಡ ತೊಟ್ಟು, ಸರಿಯಾಗಿ ಕಾಣಲ್ಲ ಅಂತ ಬಿಸಾಕಿದ್ದ. 1936ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಜಪಾನಿನ ಗೋಲ್‌ಕೀಪರ್ ತೇಯ್ಜಿ ಹೊನ್ಮಾ ಮುಖವಾಡದಲ್ಲೇ ಆಡಿದ. ವಸ್ತು ಇತ್ತು, ಬುದ್ಧಿಯೂ ಇತ್ತು. ಆದರೂ ಮೂವತ್ತು ವರ್ಷ ಅದು ವೃತ್ತಿಪರ ಆಟದ ಒಳಗೆ ಬರಲಿಲ್ಲ. ಯಾಕೆ? ಪ್ಲಾಂಟ್‌ನ ಬದುಕನ್ನು ಮೊದಲಿನಿಂದ ನೋಡಿದರೆ ಉತ್ತರ ಸಿಗುತ್ತದೆ ಅನಿಸುತ್ತದೆ.

ಆತ ಹುಟ್ಟಿದ್ದು 1929ರ ಜನವರಿ 17ರಂದು, ಕೆನಡಾದ ಫ್ರೆಂಚ್ ಭಾಷಿಕ ಪ್ರಾಂತ್ಯ ಕ್ಯೂಬೆಕ್‌ನಲ್ಲಿ, ನೋತ್ರ್ ದಾಮ್ ದ್ಯು ಮೋಂಟ್ ಕಾರ್ಮೆಲ್ ಎಂಬ ಹಳ್ಳಿಯ ಹತ್ತಿರದ ಹೊಲಮನೆಯಲ್ಲಿ. ಹನ್ನೊಂದು ಮಕ್ಕಳಲ್ಲಿ ಮೊದಲನೆಯವನು. ಅಪ್ಪ ಕೆಲಸ ಹುಡುಕಿಕೊಂಡು ಕುಟುಂಬವನ್ನು ಶಾವಿನಿಗನ್ ಫಾಲ್ಸ್ ಎಂಬ ಕಾರ್ಖಾನೆ ಊರಿಗೆ ಕರೆತಂದ. ಹಿರಿಮಗ ಅಂದಮೇಲೆ ಗೊತ್ತಲ್ಲ, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ಅಡುಗೆ, ಹೊಲಿಗೆ ಎಲ್ಲದಕ್ಕೂ ಕೈ ಹಾಕಬೇಕು. ಅಮ್ಮ ಉಲ್ಲನ್ ಹೆಣೆಯಲು ಕಲಿಸಿದ್ದಳು. ಕ್ಯೂಬೆಕ್‌ನ ಚಳಿಗೆ ತಲೆಗೆ ಹಾಕುವ ಉಲ್ಲನ್ ಟೊಪ್ಪಿಯನ್ನು ಆತ ಜೀವನಪೂರ್ತಿ ತಾನೇ ಹೆಣೆದುಕೊಂಡ. ಮುಂದೆ ದೊಡ್ಡ ಆಟಗಾರನಾದ ಮೇಲೂ ರೈಲಿನಲ್ಲಿ ಸಹ ಆಟಗಾರರು ಇಸ್ಪೀಟ್ ಆಡುವಾಗ ಈತ ಮೂಲೆಯಲ್ಲಿ ಕಡ್ಡಿ ಹಿಡಿದು ಹೆಣೆಯುತ್ತಾ ಕೂರುತ್ತಿದ್ದ.

ಗೋಲ್‌ಕೀಪರ್ ಆಗಿದ್ದಕ್ಕೂ ಒಂದು ಕಾರಣ ಇದೆ. ಪ್ಲಾಂಟ್‌ಗೆ ಆಸ್ತಮಾ. ತುಂಬಾ ಹೊತ್ತು ಸ್ಕೇಟ್ ಮಾಡಿದರೆ ಉಸಿರು ಕಟ್ಟುತ್ತಿತ್ತು. ಹೀಗಾಗಿ ಓಡುವ ಜಾಗ ಬಿಟ್ಟು ನಿಲ್ಲುವ ಜಾಗಕ್ಕೆ ಬಂದ. ಮೊದಲ ಸ್ಟಿಕ್ಕನ್ನು ಅಪ್ಪ ಮರದ ಬೇರಿನಿಂದ ಕೆತ್ತಿಕೊಟ್ಟಿದ್ದ. ಕಾಲಿನ ಪ್ಯಾಡು ಅಂದರೆ ಆಲೂಗಡ್ಡೆ ಗೋಣಿಚೀಲಕ್ಕೆ ಹಲಗೆ ತುಂಡು ಸೇರಿಸಿ ಕಟ್ಟಿದ್ದು. ಐದನೇ ವಯಸ್ಸಿನಲ್ಲಿ ಏಣಿಯಿಂದ ಬಿದ್ದು ಮುರಿದ ಕೈ ನೆಟ್ಟಗೆ ಕೂಡಿಕೊಳ್ಳಲಿಲ್ಲ. ದೊಡ್ಡವನಾದ ಮೇಲೆ ಶಸ್ತ್ರಚಿಕಿತ್ಸೆ ಆಗುವವರೆಗೆ ಆ ಕೈಯನ್ನು ಪೂರ್ತಿ ತಿರುಗಿಸಲು ಆಗದೆಯೇ ಆಡಿದ.

ಹನ್ನೆರಡನೇ ವಯಸ್ಸಿನಲ್ಲಿ ಶಾಲೆಯ ತಂಡದ ಅಭ್ಯಾಸ ನೋಡುತ್ತಾ ನಿಂತಿದ್ದಾಗ ಅಲ್ಲಿನ ಗೋಲ್‌ಕೀಪರ್ ಕೋಚ್ ಜೊತೆ ಜಗಳ ಆಡಿ ಹೊರಟುಹೋದ. ಈ ಹುಡುಗ ಮುಂದೆ ಬಂದು ನಾನು ನಿಲ್ಲುತ್ತೇನೆ ಅಂದ. ಮಿಕ್ಕವರೆಲ್ಲ ಹದಿನೆಂಟರ ಆಸುಪಾಸಿನವರು. ಎರಡು ವರ್ಷದಲ್ಲಿ ಐದು ತಂಡಗಳಿಗೆ ಆಡುತ್ತಿದ್ದ. ಅದರಲ್ಲಿ ಒಂದು ಸ್ಥಳೀಯ ಕಾರ್ಖಾನೆಯ ತಂಡ. ಅಲ್ಲಿ ಆಡುವ ಮಿಕ್ಕವರಿಗೆ ದುಡ್ಡು ಸಿಗುತ್ತದೆ, ನಿನಗೇಕಿಲ್ಲ ಅಂತ ಅಪ್ಪ ಕೇಳಿದ್ದೇ ತಡ, ಹುಡುಗ ಕೋಚ್ ಹತ್ತಿರ ಹೋಗಿ ಸಂಬಳ ಕೇಳಿದ. ಪಂದ್ಯಕ್ಕೆ 50 ಸೆಂಟ್ ಅಂತ ತೀರ್ಮಾನ ಆಯಿತು. ಹದಿನಾಲ್ಕು ವರ್ಷದ ಪೋರ ತನ್ನ ಬೆಲೆ ಕೇಳಿ ಪಡೆದುಕೊಂಡ ಈ ಪ್ರಸಂಗ ನನಗೆ ಆತನ ಮುಂದಿನ ಬದುಕಿನ ಎಲ್ಲ ಟ್ರೋಫಿಗಿಂತ ಮುಖ್ಯ ಅನಿಸುತ್ತದೆ.

1947ರಲ್ಲಿ ಕ್ಯೂಬೆಕ್ ಸಿಟಾಡೆಲ್ಸ್ ಎಂಬ ಜೂನಿಯರ್ ತಂಡ ಸೇರಿದ. ಅಲ್ಲಿನ ಡಿಫೆಂಡರ್‌ಗಳು ಅಷ್ಟೇನೂ ಚುರುಕಿರಲಿಲ್ಲ. ಬಲೆಯ ಹಿಂದಕ್ಕೆ ಹೋದ ಪಕ್ಕನ್ನು ಅವರು ತಲುಪುವ ಹೊತ್ತಿಗೆ ಎದುರಾಳಿ ಬಂದಿರುತ್ತಿದ್ದ. ಸರಿ, ನಾನೇ ಹೋಗಿ ತರುತ್ತೇನೆ ಅಂತ ಪ್ಲಾಂಟ್ ಗೋಲ್ ಬಿಟ್ಟು ಹೊರಗೆ ಬರಲು ಶುರುಮಾಡಿದ. ಇವತ್ತು ಪ್ರತಿಯೊಬ್ಬ ಗೋಲ್‌ಕೀಪರ್ ಮಾಡುವ ಕೆಲಸ ಇದು. ಆಗ ಇದು ಹುಚ್ಚಾಟ. ಗೋಲ್‌ಕೀಪರ್ ಅಂದರೆ ಬಲೆ ಮುಂದೆ ಗೂಟದ ಹಾಗೆ ನಿಲ್ಲಬೇಕು ಅನ್ನುವ ಕಾಲ. ಈತ ಬಲೆಯ ಹಿಂದೆ ಹೋಗಿ ಪಕ್ ನಿಲ್ಲಿಸುತ್ತಿದ್ದ, ಡಿಫೆಂಡರ್‌ಗಳಿಗೆ ಎದುರಾಳಿ ಎಲ್ಲಿದ್ದಾನೆ ಅಂತ ಕೂಗಿ ಹೇಳುತ್ತಿದ್ದ, ಕೈ ಎತ್ತಿ ಸನ್ನೆ ಮಾಡುತ್ತಿದ್ದ. ತರಬೇತುದಾರರಿಗೆ ಎದೆ ಢವಢವ. ಜನಕ್ಕೆ ಮಾತ್ರ ಖುಷಿ.

ಮಾಂಟ್ರಿಯಲ್ ಕೆನೆಡಿಯನ್ಸ್ ಪರ ಮೊದಲ ಪಂದ್ಯ ಆಡಿದ್ದು 1952ರ ನವೆಂಬರ್‌ನಲ್ಲಿ, ಖಾಯಂ ಗೋಲ್‌ಕೀಪರ್ ಜೆರ್ರಿ ಮೆಕ್‌ನೀಲ್‌ಗೆ ಗಾಯವಾದಾಗ. ಉಲ್ಲನ್ ಟೊಪ್ಪಿ ಹಾಕಿಕೊಂಡು ಆಡುತ್ತೇನೆ ಅಂದಾಗ ಕೋಚ್ ಡಿಕ್ ಇರ್ವಿನ್ ಬಿಲ್ಕುಲ್ ಆಗಲ್ಲ ಅಂದುಬಿಟ್ಟ. ಟೊಪ್ಪಿ ಹೋಯಿತು. ಮುಂದಿನ ವಸಂತದಲ್ಲಿ ಶಿಕಾಗೊ ವಿರುದ್ಧದ ಸೆಮಿಫೈನಲ್ ಸರಣಿಯಲ್ಲಿ ಮಾಂಟ್ರಿಯಲ್ 3-2ರಿಂದ ಹಿಂದಿದ್ದಾಗ, ಇನ್ನೊಂದು ಸೋತರೆ ಮನೆಗೆ ಅನ್ನುವ ಪಂದ್ಯಕ್ಕೆ ಇರ್ವಿನ್ ಈ ಹೊಸಬನನ್ನು ನಿಲ್ಲಿಸಿದ. ಒಂದೂ ಗೋಲು ಬಿಡಲಿಲ್ಲ. ಮಾಂಟ್ರಿಯಲ್ ಸರಣಿ ಗೆದ್ದು, ಆಮೇಲೆ ಸ್ಟ್ಯಾನ್ಲಿ ಕಪ್ಪನ್ನೂ ಗೆದ್ದಿತು. 1954ರಿಂದ ಆ ಜಾಗ ಆತನದೇ ಆಯಿತು.

ನಂತರದ್ದು ದಾಖಲೆ ಪುಸ್ತಕದ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. 1956ರಿಂದ 1960ರವರೆಗೆ ಮಾಂಟ್ರಿಯಲ್ ಸತತ ಐದು ಸ್ಟ್ಯಾನ್ಲಿ ಕಪ್ ಗೆದ್ದಿತು. ಇವತ್ತಿನವರೆಗೆ ಬೇರೆ ಯಾವ ತಂಡಕ್ಕೂ ಅದು ಸಾಧ್ಯವಾಗಿಲ್ಲ. ಅತಿ ಕಡಿಮೆ ಗೋಲು ಬಿಟ್ಟುಕೊಟ್ಟ ತಂಡದ ಗೋಲ್‌ಕೀಪರ್‌ಗೆ ಕೊಡುತ್ತಿದ್ದ ವೆಜಿನಾ ಟ್ರೋಫಿ ಆ ಐದೂ ವರ್ಷ ಪ್ಲಾಂಟ್‌ನದೇ.

ಆದರೆ ಆ ಟ್ರೋಫಿಗಳ ಹಿಂದಿನ ಮುಖ ಹೇಗಿತ್ತು? 1954ರ ಅಭ್ಯಾಸ ಶಿಬಿರದಲ್ಲಿ ತನ್ನದೇ ತಂಡದವನ ಹೊಡೆತಕ್ಕೆ ಒಂದು ಕೆನ್ನೆಮೂಳೆ ಮುರಿಯಿತು. ಮರುವರ್ಷ ಇನ್ನೊಬ್ಬ ಸಹ ಆಟಗಾರನ ಹೊಡೆತಕ್ಕೆ ಇನ್ನೊಂದು ಕೆನ್ನೆಮೂಳೆ. ಮೂಗು ಮುರಿದದ್ದು ನಾಲ್ಕು ಸಲ. ಮುಖಕ್ಕೆ ಬಿದ್ದ ಹೊಲಿಗೆ ಸುಮಾರು 200. ಅದೇ ವರ್ಷಗಳಲ್ಲಿ ಆಟವೂ ಬದಲಾಗುತ್ತಿತ್ತು. ಮಾಂಟ್ರಿಯಲ್‌ನವನೇ ಆದ ಬರ್ನಿ ಜೆಫ್ರಿಯಾನ್ ಸ್ಟಿಕ್ಕನ್ನು ಹಿಂದಕ್ಕೆತ್ತಿ ಬೀಸಿ ಹೊಡೆಯುವ ಸ್ಲ್ಯಾಪ್ ಶಾಟನ್ನು ಜನಪ್ರಿಯ ಮಾಡಿದ್ದ. ಅಂದರೆ ಬರುವ ಪಕ್‌ನ ವೇಗ ಹೆಚ್ಚುತ್ತಾ ಹೋಯಿತು, ತಡೆಯುವವನ ಮುಖ ಮಾತ್ರ ಹಾಗೇ ಇತ್ತು. ಎಂಜಿನಿಯರಿಂಗ್ ಓದಿದವರಿಗೆ ಇದು ಸರಳ ಲೆಕ್ಕ. ವೇಗ ಎರಡರಷ್ಟಾದರೆ ಹೊಡೆತದ ಶಕ್ತಿ ನಾಲ್ಕರಷ್ಟಾಗುತ್ತದೆ. ಮೂಳೆಗೆ ಈ ಲೆಕ್ಕ ಪಾಠ ಮಾಡದೆಯೇ ಗೊತ್ತಾಗುತ್ತದೆ.

ಅಭ್ಯಾಸದ ವೇಳೆಗೆ ಪಾರದರ್ಶಕ ಪ್ಲಾಸ್ಟಿಕ್ ಶೀಲ್ಡ್ ಒಂದನ್ನು ಪ್ಲಾಂಟ್ ಹಾಕಿಕೊಂಡು ನೋಡಿದ. ಉಸಿರಿಗೆ ಮಂಜು ಕಟ್ಟಿ ಎದುರು ಏನೂ ಕಾಣುತ್ತಿರಲಿಲ್ಲ. ಮಳೆಯಲ್ಲಿ ಹೆಲ್ಮೆಟ್ ಗಾಜು ಇಳಿಸಿ ಬೈಕ್ ಓಡಿಸಿದವರಿಗೆ ಈ ಕಷ್ಟ ಗೊತ್ತು. 1957ರಲ್ಲಿ ಸೈನಸ್ ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರ ಆಟದಿಂದ ಹೊರಗುಳಿದ. ಅಭ್ಯಾಸದಲ್ಲಿ ಮುಖವಾಡ ಹಾಕಲು ಬ್ಲೇಕ್ ಒಪ್ಪಿದ, ಪಂದ್ಯದಲ್ಲಿ ಬೇಡ ಅಂದ.

1958ರಲ್ಲಿ ಪ್ಲೇಆಫ್ ಪಂದ್ಯವೊಂದರಲ್ಲಿ ಪ್ಲಾಂಟ್‌ನ ಹಣೆಗೆ ಪಕ್ ಬಡಿದಾಗ ಪ್ರೇಕ್ಷಕರ ಮಧ್ಯೆ ಬಿಲ್ ಬರ್ಚ್‌ಮೋರ್ ಅನ್ನುವವನು ಕೂತಿದ್ದ. ಫೈಬರ್‌ಗ್ಲಾಸ್ ತಯಾರಿಸುವ ಕಂಪನಿಯ ನೌಕರ. ಮರುದಿನ ಕಚೇರಿಯಲ್ಲಿ ಫೈಬರ್‌ಗ್ಲಾಸ್‌ನಿಂದ ಮಾಡಿದ ಬೊಂಬೆಯ ತಲೆಯೊಂದನ್ನು ನೋಡುತ್ತಾ, ಇದೇ ವಸ್ತುವಿನಲ್ಲಿ ಒಬ್ಬ ಮನುಷ್ಯನ ಮುಖಕ್ಕೆ ಅಳತೆ ತೆಗೆದು ಚಿಪ್ಪು ಮಾಡಬಹುದಲ್ಲ ಅಂತ ಅವನಿಗೆ ಹೊಳೆಯಿತು. ಪ್ಲಾಂಟ್‌ಗೆ ಪತ್ರ ಬರೆದ. ಪ್ಲಾಂಟ್‌ಗೆ ಮೊದಲು ಅಷ್ಟು ನಂಬಿಕೆ ಬರಲಿಲ್ಲ, ಆಮೇಲೆ ಒಪ್ಪಿದ. ಮಾಂಟ್ರಿಯಲ್ ಜನರಲ್ ಆಸ್ಪತ್ರೆಯಲ್ಲಿ ಆತನ ತಲೆಗೆ ಹೆಂಗಸರ ನೈಲಾನ್ ಕಾಲುಚೀಲ ಎಳೆದು, ಮುಖಕ್ಕೆ ವ್ಯಾಸಲೀನ್ ಹಚ್ಚಿ, ಉಸಿರಾಡಲು ಬಾಯಿಗೆ ಸ್ಟ್ರಾ ಕೊಟ್ಟು, ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದರು. ಆ ಅಚ್ಚಿನ ಮೇಲೆ ಫೈಬರ್‌ಗ್ಲಾಸ್ ಬಟ್ಟೆಯನ್ನು ಪಾಲಿಯೆಸ್ಟರ್ ರೆಸಿನ್‌ನಲ್ಲಿ ಅದ್ದಿ ಪದರ ಪದರವಾಗಿ ಅಂಟಿಸಿದರು. ನಮ್ಮ ಪಾರ್ಕುಗಳಲ್ಲಿ ಮಕ್ಕಳ ಜಾರುಬಂಡಿ ಮಾಡುತ್ತಾರಲ್ಲ, ಅದೇ ವಸ್ತು. ತೂಕ ಸುಮಾರು 400 ಗ್ರಾಂ.

ಬ್ಲೇಕ್‌ನನ್ನು ಇಲ್ಲಿ ಖಳನಾಯಕ ಮಾಡಿಬಿಡುವುದು ಸುಲಭ. ಅವನ ಆಕ್ಷೇಪದಲ್ಲಿ ಒಂದು ಭಾಗ ನಿಜವಿತ್ತು. ಕಣ್ಣಿನ ತೂತುಗಳು ಚಿಕ್ಕವು, ಕಾಲಿನ ಹತ್ತಿರ ಬಿದ್ದ ಪಕ್ ಕಾಣಬೇಕಾದರೆ ಕತ್ತನ್ನೇ ಬಗ್ಗಿಸಬೇಕು. ಒಳಗೆ ಸೆಕೆ. ಮುಖಕ್ಕೆ ಅಂಟಿಕೊಂಡ ಚಿಪ್ಪಾದ್ದರಿಂದ ಹೊಡೆತ ಪೂರ್ತಿ ತಪ್ಪುತ್ತಲೂ ಇರಲಿಲ್ಲ. ಗಾಯ ಕಡಿಮೆಯಾಗುತ್ತಿತ್ತು, ನೋವು ಇದ್ದೇ ಇತ್ತು. ಆದರೆ ಆಕ್ಷೇಪದ ಇನ್ನೊಂದು ಭಾಗ ಬರೀ ಮನಸ್ಸಿನದ್ದು. ಮುಖವಾಡ ಹಾಕಿಕೊಂಡವನಿಗೆ ಹೆದರಿಕೆ ಶುರುವಾಗಿದೆ, ಹೆದರಿದ ಗೋಲ್‌ಕೀಪರ್ ಮುಗಿದ ಹಾಗೆ ಅನ್ನೋದು ಆ ಕಾಲದ ಕೋಚ್‌ಗಳ ಗಟ್ಟಿ ನಂಬಿಕೆ. ಪಕ್ಕದ ತಂಡದ ಗೋಲ್‌ಕೀಪರ್‌ಗಳೂ ಇದನ್ನೇ ನಂಬಿದ್ದರು ಅನ್ನೋದು ಹೆಚ್ಚು ಬೇಸರದ ವಿಷಯ. ನಾನು ಓದಿದ ಕಾಲೇಜಿನ ವರ್ಕ್‌ಶಾಪ್‌ನಲ್ಲೂ ಗ್ರೈಂಡಿಂಗ್ ಮಾಡುವಾಗ ಸೇಫ್ಟಿ ಕನ್ನಡಕ ಹಾಕಿದ ಹುಡುಗನನ್ನು ಮೇಷ್ಟ್ರಿಗಿಂತ ಮುಂಚೆ ಗೇಲಿ ಮಾಡುತ್ತಿದ್ದವರು ಪಕ್ಕದಲ್ಲಿ ನಿಂತ ಹುಡುಗರೇ.

ಗೋಲ್‌ಕೀಪರ್‌ಗಳು ಯಾಕೆ ಸುಮ್ಮನಿದ್ದರು ಅನ್ನೋದಕ್ಕೆ ಇನ್ನೊಂದು ಲೆಕ್ಕ ಇದೆ. ಇಡೀ ಲೀಗ್‌ನಲ್ಲಿ ಆರೇ ತಂಡ, ಅಂದರೆ ಇಡೀ ಜಗತ್ತಿನಲ್ಲಿ ಈ ಮಟ್ಟದ ಗೋಲ್‌ಕೀಪರ್ ಕೆಲಸ ಇದ್ದದ್ದು ಆರು. ಕೆಳಗಿನ ಲೀಗ್‌ಗಳಲ್ಲಿ ಆ ಆರು ಕುರ್ಚಿಗೆ ಕಾಯುತ್ತಿದ್ದವರು ಹತ್ತಾರು ಜನ. ಒಪ್ಪಂದ ಹೇಗಿತ್ತೆಂದರೆ ಆಟಗಾರ ತಾನಾಗಿ ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ, ಮಾಲೀಕ ಮಾತ್ರ ಬೇಕಾದಲ್ಲಿಗೆ ಮಾರಬಹುದಿತ್ತು. 1957ರಲ್ಲಿ ಡೆಟ್ರಾಯಿಟ್‌ನ ಟೆಡ್ ಲಿಂಡ್ಸೆ ಆಟಗಾರರ ಸಂಘ ಕಟ್ಟಲು ಹೊರಟ. ಆ ಬೇಸಿಗೆಯಲ್ಲೇ ಆತನನ್ನು ಲೀಗ್‌ನ ಕಳಪೆ ತಂಡವಾಗಿದ್ದ ಶಿಕಾಗೊಗೆ ಸಾಗಹಾಕಿದರು. ಸಂಘ ಅಲ್ಲಿಗೇ ಕುಸಿಯಿತು. ಇಂಥ ಕಡೆ ನನ್ನ ಮುಖಕ್ಕೆ ರಕ್ಷಣೆ ಬೇಕು ಅಂತ ಯಾವ ಗೋಲ್‌ಕೀಪರ್ ಕೇಳುತ್ತಾನೆ? ಕೇಳಿದರೆ ಹೆದರಿದ ಅಂತ ಅರ್ಥ. ಹೆದರಿದ ಅಂದರೆ ಮುಂದಿನವನನ್ನು ಕರೆಯಿರಿ ಅಂತ ಅರ್ಥ.

ಪ್ಲಾಂಟ್ ಕೇಳಲು ಸಾಧ್ಯವಾದದ್ದು ಆತ ನಾಲ್ಕು ವರ್ಷ ಸತತವಾಗಿ ಲೀಗ್‌ನ ನಂಬರ್ ಒನ್ ಗೋಲ್‌ಕೀಪರ್ ಆಗಿದ್ದರಿಂದ, ಮತ್ತು ಆ ರಾತ್ರಿ ಬ್ಲೇಕ್ ಕೈಯಲ್ಲಿ ಬದಲಿ ಇಲ್ಲದಿದ್ದರಿಂದ. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಚಿಪ್ಪು ಚೀಲದಲ್ಲೇ ಉಳಿಯುತ್ತಿತ್ತು. ಮಾಲೀಕರು ಖರ್ಚು ಉಳಿಸಲೆಂದು ಇನ್ನೊಬ್ಬ ಗೋಲ್‌ಕೀಪರ್ ಇಟ್ಟುಕೊಳ್ಳದ ವ್ಯವಸ್ಥೆಯೇ ಅವತ್ತು ಅವರ ಕೈ ಕಟ್ಟಿಹಾಕಿತು.

ಇನ್ನೊಂದು ಕಾರಣ ಪ್ಲಾಂಟ್‌ನ ಸ್ವಭಾವ. ಆತ ತಂಡದಲ್ಲಿ ಯಾರಿಗೂ ಅಷ್ಟು ಹತ್ತಿರದವನಲ್ಲ. ಒಂಟಿ. ಕೈ ಬಿಗಿ. ಟೊರಾಂಟೊಗೆ ಹೋದಾಗ ತಂಡದ ಹೋಟೆಲ್‌ನಲ್ಲಿ ಆಸ್ತಮಾ ಜಾಸ್ತಿ ಆಗುತ್ತೆ ಅಂತ ಬೇರೆ ಹೋಟೆಲ್‌ನಲ್ಲಿ ಇಳಿಯುತ್ತಿದ್ದ. ಬ್ಲೇಕ್‌ಗೆ ಇವನ ಕಾಯಿಲೆಗಳು ನಿಜವೋ ನೆವವೋ ಅಂತ ಸದಾ ಅನುಮಾನ. ಕೆಲವು ಅಂಗಳಗಳಲ್ಲಿ ಗೋಲಿನ ಅಡ್ಡಪಟ್ಟಿ ಎತ್ತರ ಸರಿಯಿಲ್ಲ, ನಾನು ನಿಂತಾಗ ಅದು ಬೆನ್ನಿಗೆ ಬೇರೆ ಜಾಗದಲ್ಲಿ ತಾಗುತ್ತೆ ಅಂತ ಒಮ್ಮೆ ತಗಾದೆ ತೆಗೆದ. ಎಲ್ಲರೂ ನಕ್ಕರು. ಟೇಪ್ ಹಿಡಿದು ಅಳೆದಾಗ ಆತ ಹೇಳಿದ್ದೇ ಸರಿ, ಗೋಲುಗಳ ಅಳತೆಯಲ್ಲಿ ನಿಜಕ್ಕೂ ವ್ಯತ್ಯಾಸ ಇತ್ತು. ನಾಲ್ಕು ಜನ ಏನಂದುಕೊಂಡಾರು ಅನ್ನುವ ಚಿಂತೆ ಇಲ್ಲದವನೇ ಬೆನ್ನಿನಿಂದ ಇಂಚು ಅಳೆಯುತ್ತಾನೆ, ಹಾಗೇ ಸಾವಿರಾರು ಜನರ ಎದುರು ಮುಖಕ್ಕೆ ಚಿಪ್ಪನ್ನೂ ಕಟ್ಟಿಕೊಳ್ಳುತ್ತಾನೆ.

ಗಾಯ ಮಾಯಿತು. ಪ್ಲಾಂಟ್ ಮುಖವಾಡ ತೆಗೆಯಲಿಲ್ಲ. ತಂಡ ಸೋಲಿಲ್ಲದೆ ಸಾಗುತ್ತಿದ್ದುದರಿಂದ ಬ್ಲೇಕ್ ಬಾಯಿ ಮುಚ್ಚಿಕೊಂಡ. ಬರ್ಚ್‌ಮೋರ್ ಅಷ್ಟರಲ್ಲಿ ಇನ್ನೊಂದು ವಿನ್ಯಾಸ ತಂದ. ಬಟ್ಟೆಯ ಬದಲು ಫೈಬರ್‌ಗ್ಲಾಸ್ ನೂಲಿನ ಎಳೆಗಳನ್ನು ದಪ್ಪ ಪಟ್ಟಿಗಳಾಗಿ ಸುತ್ತಿ, ನಡುವೆ ಗಾಳಿಯಾಡಲು ಜಾಗ ಬಿಟ್ಟದ್ದು. ತೂಕ ಸುಮಾರು 300 ಗ್ರಾಂಗೆ ಇಳಿಯಿತು. ಅಲ್ಲಿನವರು ಅದಕ್ಕೆ ಪ್ರೆಟ್ಜೆಲ್ ಮಾಸ್ಕ್ ಅಂತ ಹೆಸರಿಟ್ಟರು. ನಮ್ಮ ಕಣ್ಣಿಗೆ ಅದು ಚಕ್ಕುಲಿ. 1960ರ ಮಾರ್ಚ್ 8ರಂದು ಡೆಟ್ರಾಯಿಟ್ ವಿರುದ್ಧ ಒಂದು ಸಲ, ಬ್ಲೇಕ್ ಕೇಳಿಕೊಂಡ ಅಂತ, ಪ್ಲಾಂಟ್ ಬರಿ ಮುಖದಲ್ಲಿ ಆಡಿದ. ಮಾಂಟ್ರಿಯಲ್ 3-0ಯಿಂದ ಸೋತಿತು. ಮುಂದಿನ ಪಂದ್ಯಕ್ಕೆ ಮುಖವಾಡ ವಾಪಸ್ ಬಂತು, ಮತ್ತೆಂದೂ ಇಳಿಯಲಿಲ್ಲ. ಒಂದು ಸೋಲಿನಿಂದ ಮುಖವಾಡವೇ ಕಾರಣ ಅಂತ ಸಾಬೀತಾಗಲ್ಲ, ನಿಜ. ಆದರೆ ಇಷ್ಟು ದಿನ ಅಂಥ ಪುರಾವೆಯ ಮೇಲೇ ಅದನ್ನು ತಡೆದಿದ್ದವರಿಗೆ ಅದೇ ಪುರಾವೆ ತಿರುಗಿ ಬಡಿಯಿತು. ಆ ವಸಂತದಲ್ಲಿ ಐದನೇ ಕಪ್.

ಟೀಕಾಕಾರರ ಕೈಯಲ್ಲಿ ಇನ್ನೊಂದು ಬಾಣ ಉಳಿದಿತ್ತು. ಪ್ಲಾಂಟ್ ದೊಡ್ಡವನಲ್ಲ, ಅವನ ಮುಂದಿರುವ ತಂಡ ದೊಡ್ಡದು ಅಂತ. 1960ರಲ್ಲಿ ಮೊರಿಸ್ ರಿಷಾರ್ ನಿವೃತ್ತನಾದ, ಮರುವರ್ಷ ಪ್ರಧಾನ ಡಿಫೆಂಡರ್ ಡಗ್ ಹಾರ್ವಿ ನ್ಯೂಯಾರ್ಕ್‌ಗೆ ಹೋದ. ಪ್ಲಾಂಟ್‌ನ ಮಂಡಿ ಕೈಕೊಟ್ಟು, 1960-61ರ ಋತುವಿನ ಮಧ್ಯೆ ಆತನನ್ನು ಕೆಳಗಿನ ತಂಡಕ್ಕೂ ಕಳಿಸಿದ್ದರು. ಮಂಡಿಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಬಂದವನು 1961-62ರಲ್ಲಿ ಎಲ್ಲ 70 ಪಂದ್ಯ ಆಡಿದ, ಮಾಂಟ್ರಿಯಲ್ ಲೀಗ್‌ನಲ್ಲಿ ಅಗ್ರಸ್ಥಾನ ಪಡೆಯಿತು, ವೆಜಿನಾ ಜೊತೆಗೆ ಲೀಗ್‌ನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯೂ ಬಂತು. ಇನ್ನೊಬ್ಬ ಗೋಲ್‌ಕೀಪರ್‌ಗೆ ಅದು ಸಿಗಲು 1997ರವರೆಗೆ ಕಾಯಬೇಕಾಯಿತು.

ಅದೇ 1962ರ ಮಾರ್ಚ್‌ನಲ್ಲಿ ಬಾರ್ಬಡೋಸ್‌ನಲ್ಲಿ ನಮ್ಮ ಕ್ರಿಕೆಟ್ ನಾಯಕ ನಾರಿ ಕಂಟ್ರಾಕ್ಟರ್ ತಲೆಗೆ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಬಡಿದು ತಲೆಬುರುಡೆ ಬಿರುಕುಬಿಟ್ಟಿತು. ಮತ್ತೆ ಟೆಸ್ಟ್ ಆಡಲು ಆಗಲಿಲ್ಲ. ಟೆಸ್ಟ್ ಪಂದ್ಯದಲ್ಲಿ ಬ್ಯಾಟ್ಸ್‌ಮನ್ ಒಬ್ಬ ಹೆಲ್ಮೆಟ್ ಹಾಕಿಕೊಂಡು ಬಂದದ್ದು 1978ರಲ್ಲಿ. ಆಗಲೂ ಗೇಲಿ ಮಾಡಿದವರಿದ್ದರು.

1963ರಲ್ಲಿ ಮಾಂಟ್ರಿಯಲ್ ಪ್ಲಾಂಟ್‌ನನ್ನು ರೇಂಜರ್ಸ್‌ಗೆ ಕೊಟ್ಟು ಗಂಪ್ ವೊರ್ಸ್ಲಿಯನ್ನು ತಂದಿತು. ಮುಖವಾಡದವನ ಜಾಗಕ್ಕೆ ಮುಖವಾಡ ಅಂದರೆ ಆಗದವನು. ನ್ಯೂಯಾರ್ಕ್‌ನ ದುರ್ಬಲ ತಂಡದಲ್ಲಿ ಎರಡು ವರ್ಷ ಕಳೆದು ಪ್ಲಾಂಟ್ 1965ರಲ್ಲಿ ನಿವೃತ್ತನಾಗಿ ಮೋಲ್ಸನ್ ಬಿಯರ್ ಕಂಪನಿಯಲ್ಲಿ ಮಾರಾಟದ ಕೆಲಸಕ್ಕೆ ಸೇರಿದ. ಆ ಡಿಸೆಂಬರ್‌ನಲ್ಲಿ ಸ್ಕಾಟಿ ಬೋಮನ್ ಒತ್ತಾಯಕ್ಕೆ ಜೂನಿಯರ್ ಹುಡುಗರ ತಂಡದೊಂದಿಗೆ ಸೋವಿಯತ್ ರಾಷ್ಟ್ರೀಯ ತಂಡದ ಎದುರು ನಿಂತ. 2-1ರಿಂದ ಗೆದ್ದರು.

1968ರಲ್ಲಿ, ಲೀಗ್ ದೊಡ್ಡದಾಗಿ ಹನ್ನೆರಡು ತಂಡಗಳಾದ ಮೇಲೆ, ಬೋಮನ್ ಆತನನ್ನು ಸೇಂಟ್ ಲೂಯಿಸ್ ಬ್ಲೂಸ್‌ಗೆ ಕರೆಸಿಕೊಂಡ. ಅಲ್ಲಿ ಜೊತೆಗಾರ ಗ್ಲೆನ್ ಹಾಲ್, ಲಿಂಡ್ಸೆ ಜೊತೆಗೇ 1957ರಲ್ಲಿ ಶಿಕಾಗೊಗೆ ಸಾಗಹಾಕಿಸಿಕೊಂಡಿದ್ದವನು. ಬರಿ ಮುಖದಲ್ಲಿ ಸತತ 502 ಲೀಗ್ ಪಂದ್ಯ ಆಡಿದ, ಪಂದ್ಯಕ್ಕೆ ಮುಂಚೆ ಆತಂಕದಿಂದ ವಾಂತಿ ಮಾಡಿಕೊಳ್ಳುತ್ತಿದ್ದ ಮಹಾನ್ ಗೋಲ್‌ಕೀಪರ್. ಸೇಂಟ್ ಲೂಯಿಸ್‌ನಲ್ಲಿ ಅವನೂ ಕೊನೆಗೆ ಮುಖವಾಡ ಹಾಕಿದ. ಒಬ್ಬನಿಗೆ 40, ಇನ್ನೊಬ್ಬನಿಗೆ 37. ಇಬ್ಬರೂ ಸೇರಿ 1969ರ ವೆಜಿನಾ ಗೆದ್ದರು. ಪ್ಲಾಂಟ್‌ಗೆ ಅದು ಏಳನೆಯದು.

1970ರ ಸ್ಟ್ಯಾನ್ಲಿ ಕಪ್ ಫೈನಲ್‌ನ ಮೊದಲ ಪಂದ್ಯದಲ್ಲಿ ಬಾಸ್ಟನ್‌ನ ಫ್ರೆಡ್ ಸ್ಟ್ಯಾನ್‌ಫೀಲ್ಡ್ ಹೊಡೆದ ಪಕ್ ಫಿಲ್ ಎಸ್ಪೊಸಿಟೊನ ಸ್ಟಿಕ್ಕಿಗೆ ತಾಗಿ ದಿಕ್ಕು ಬದಲಿಸಿ ಪ್ಲಾಂಟ್‌ನ ಹಣೆಗೆ ಬಡಿಯಿತು. ಮುಖವಾಡ ಸೀಳಿತು, ಆತ ಪ್ರಜ್ಞೆ ತಪ್ಪಿ ಬಿದ್ದ, ಆಸ್ಪತ್ರೆಗೆ ಸಾಗಿಸಿದರು. ಮುಖವಾಡ ಇಲ್ಲದಿದ್ದರೆ ನಾನು ಬದುಕುತ್ತಿರಲಿಲ್ಲ ಅಂತ ಆತ ಆಮೇಲೆ ಹೇಳಿಕೊಂಡ. ಆ ಹೊತ್ತಿಗೆ ಮುಖವಾಡ ತಯಾರಿಸುವ ಸ್ವಂತ ಉದ್ಯಮಕ್ಕೂ ಕೈ ಹಾಕಿದ್ದ. ಮುಂದಿನ ಋತುವಿನಲ್ಲಿ ಟೊರಾಂಟೊ ಪರ, 42ನೇ ವಯಸ್ಸಿಗೆ ಕಾಲಿಟ್ಟವನು, ಪಂದ್ಯಕ್ಕೆ ಸರಾಸರಿ 1.88 ಗೋಲು ಮಾತ್ರ ಬಿಟ್ಟು ಲೀಗ್‌ನಲ್ಲೇ ಮೊದಲಿಗನಾದ. ಅಲ್ಲೇ ಬರ್ನಿ ಪೇರಂಟ್ ಎಂಬ ಯುವ ಗೋಲ್‌ಕೀಪರ್‌ಗೆ ಕೋನ, ನಿಲುವು, ಸಮತೋಲನ ಎಲ್ಲ ಬಿಡಿಸಿ ಹೇಳಿಕೊಟ್ಟ. ಆತ ಫಿಲಡೆಲ್ಫಿಯಾಗೆ ಹೋಗಿ 1974, 1975ರಲ್ಲಿ ಸತತ ಎರಡು ಕಪ್ ಗೆದ್ದ.

ಕಲಿಸುವ ಹುಚ್ಚು ಎಷ್ಟಿತ್ತು ಅನ್ನೋದಕ್ಕೆ 1972ರ ಸೆಪ್ಟೆಂಬರ್ 2 ಸಾಕ್ಷಿ. ಕೆನಡಾದ ವೃತ್ತಿಪರರು ಮೊದಲ ಸಲ ಸೋವಿಯತ್ ತಂಡದ ವಿರುದ್ಧ ಸರಣಿ ಆಡುತ್ತಿದ್ದರು. ಮಾಂಟ್ರಿಯಲ್‌ನಲ್ಲಿ ಮೊದಲ ಪಂದ್ಯ. ಸೋವಿಯತ್ ಗೋಲ್‌ಕೀಪರ್ ವ್ಲಾದಿಸ್ಲಾವ್ ತ್ರೆತ್ಯಾಕ್‌ಗೆ 20 ವರ್ಷ. ಈ ಹುಡುಗನ ಕಥೆ ಮುಗಿಯಿತು ಅಂತ ಇಡೀ ಕೆನಡಾ ನಂಬಿತ್ತು. ಪಂದ್ಯಕ್ಕೆ ಮುಂಚೆ ಪ್ಲಾಂಟ್ ದುಭಾಷಿಯನ್ನು ಕರೆದುಕೊಂಡು ಸೋವಿಯತ್ ತಂಡದ ಕೋಣೆಗೇ ಹೋದ. ಹಲಗೆಯ ಮೇಲೆ ಚಿತ್ರ ಬಿಡಿಸಿ ಯಾವ ಕೆನಡಿಯನ್ ಆಟಗಾರ ಎಲ್ಲಿಂದ ಹೇಗೆ ಹೊಡೆಯುತ್ತಾನೆ ಅಂತ ವಿವರಿಸಿ ಬಂದ. ಸೋವಿಯತ್ 7-3ರಿಂದ ಗೆದ್ದಿತು. ದೇಶದ ದೃಷ್ಟಿಯಿಂದ ಇದನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲ. ಎದುರು ಬದಿಯಲ್ಲಿ ಒಂಟಿಯಾಗಿ ನಿಂತ ಗೋಲ್‌ಕೀಪರ್ ಕೂಡ ಆತನಿಗೆ ತನ್ನ ಜಾತಿಯವನೇ ಆಗಿದ್ದ ಅಂತ ನಾನು ಓದಿಕೊಳ್ಳುತ್ತೇನೆ.

ಅಷ್ಟರಲ್ಲಿ ಬರಿ ಮುಖದವರು ಬೆರಳೆಣಿಕೆಗೆ ಇಳಿದಿದ್ದರು. ವೊರ್ಸ್ಲಿ ತನ್ನ ಕೊನೆಯ ಕೆಲವು ಪಂದ್ಯಗಳಿಗೆ, 1974ರಲ್ಲಿ, ಮುಖವಾಡ ಹಾಕಿದ. ಎನ್‌ಎಚ್‌ಎಲ್‌ನಲ್ಲಿ ಕೊನೆಯ ಬಾರಿಗೆ ಬರಿ ಮುಖದಲ್ಲಿ ಆಡಿದವನು ಪಿಟ್ಸ್‌ಬರ್ಗ್‌ನ ಆಂಡಿ ಬ್ರೌನ್, ಅದೇ ವರ್ಷದ ಏಪ್ರಿಲ್‌ನಲ್ಲಿ. ಮುಖವಾಡ ಹಾಕಲು ಅನುಮತಿ ಕೇಳಬೇಕಿದ್ದ ಕಾಲಕ್ಕೂ ಹಾಕದವನನ್ನು ವಿಚಿತ್ರವಾಗಿ ನೋಡುವ ಕಾಲಕ್ಕೂ ನಡುವೆ ಹದಿನೈದು ವರ್ಷ ಕೂಡ ಇಲ್ಲ.

ಪ್ಲಾಂಟ್ ಕೊನೆಯದಾಗಿ ಆಡಿದ್ದು ಪ್ರತಿಸ್ಪರ್ಧಿ ಲೀಗ್‌ನ ಎಡ್ಮಂಟನ್ ಆಯ್ಲರ್ಸ್ ಪರ, 1974-75ರಲ್ಲಿ. ಮುಂದಿನ ಶಿಬಿರದ ಹೊತ್ತಿಗೆ ಕಿರಿಯ ಮಗ ತೀರಿಕೊಂಡ ಸುದ್ದಿ ಬಂತು, ಆಟ ಬಿಟ್ಟ. ಎರಡನೇ ಹೆಂಡತಿಯ ಜೊತೆ ಸ್ವಿಟ್ಜರ್‌ಲೆಂಡ್‌ನಲ್ಲಿ ನೆಲೆಸಿದ. ಆಗಾಗ ಬಂದು ಉತ್ತರ ಅಮೆರಿಕದ ತಂಡಗಳ ಗೋಲ್‌ಕೀಪರ್‌ಗಳಿಗೆ ಪಾಠ ಹೇಳಿಹೋಗುತ್ತಿದ್ದ. 1978ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಮಾಂಟ್ರಿಯಲ್ ತಂಡ ಆತನ ಒಂದನೇ ನಂಬರಿನ ಅಂಗಿಯನ್ನು ಯಾರಿಗೂ ಕೊಡದೆ ಗೌರವಿಸಲು 1995ರವರೆಗೆ ತಡಮಾಡಿತು. ಆಗ ಪ್ಲಾಂಟ್ ಇರಲಿಲ್ಲ.

1986ರ ಫೆಬ್ರವರಿ 27ರಂದು ಜಿನೀವಾದ ಆಸ್ಪತ್ರೆಯಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡ. ವಯಸ್ಸು 57. ಸಿಯೆರ್ ಎಂಬ ಊರಿನಲ್ಲಿ ಮಣ್ಣುಮಾಡಿದರು. ಆ ದಿನಗಳಲ್ಲಿ ಕ್ಯೂಬೆಕ್‌ನಿಂದ ಬಂದಿದ್ದ ಹುಡುಗರ ಹಾಕಿ ತಂಡವೊಂದು ಎರಡು ಸಾಲಾಗಿ ನಿಂತು ಸ್ಟಿಕ್ಕುಗಳನ್ನು ಎತ್ತಿ ಕಮಾನು ಮಾಡಿ ಹಿಡಿದಿತ್ತು, ಶವಪೆಟ್ಟಿಗೆಯನ್ನು ಅದರ ಕೆಳಗೆ ಹೊತ್ತು ತಂದರು.